ಒಂದು ಪಂಕ್ತಿ, ನಾಲ್ಕು ಹಾವು

ಎಡದಂಡೆ ಊರು
ಫೆಬ್ರವರಿ ೩೦, ೨೩೯೧

ಇಪ್ಪತ್ತೊಂದನೆಯ ಶತಮಾನದ ಪೂಜ್ಯ ಗಿರಿಮುತ್ತಜ್ಜ, ಗಿರಿಮುತ್ತಜ್ಜಿಯರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಯ ಮೇಲೆ ಮರುಕ ಹುಟ್ಟಿ ನಮ್ಮವರು ಅದಕ್ಕೆ ಎರಡು ದಿನ ದಾನ ಮಾಡಿದ್ದಾರೆ. ತಿಳಿಯದ ಪದ ಬಂದರೆ ಕ್ಷಮಿಸಿ. 

ನಮ್ಮ ಆಸ್ಪತ್ರೆಯಲ್ಲಿ ಕಚ್ಚುಗನ್ನಡಿ ಎಂಬ ಯಂತ್ರವಿದೆ. ಹಾವು ಕಚ್ಚಿದ ಜಾಗವನ್ನು ಅದರ ಮುಂದೆ ಹಿಡಿದರೆ ನಾಗರ, ಕೊಳಕುಮಂಡಲ, ಕಟ್ಟುಹಾವು, ವಿಷವಿಲ್ಲದ ಒಳ್ಳೆ ಹಾವು ಈ ನಾಲ್ಕರಲ್ಲಿ ಒಂದರ ಹೆಸರು ಹೇಳುತ್ತದೆ. ಈಗ ಒಂದೊಂದು ವಿಷಕ್ಕೆ ಒಂದೊಂದು ಮದ್ದು. ಹೆಸರು ತಪ್ಪಿದರೆ ಮದ್ದೂ ತಪ್ಪಿತು. ಕನ್ನಡಿಗೆ ವರ್ಷಕ್ಕೊಮ್ಮೆ ಪರೀಕ್ಷೆ, ಪರೀಕ್ಷಕ ನಾನೇ. ಈ ಸಲ ವರ್ಷದ ನೂರು ಕಡಿತಗಳ ಚಿತ್ರ ತೋರಿಸಿದೆ, ತೊಂಬತ್ತನಾಲ್ಕು ಸರಿ. ಹಾರ ಹಾಕಿ ಪೇಡೆ ಹಂಚಿದೆ, ಕನ್ನಡಿಯ ಪಾಲನ್ನೂ ನಾನೇ ತಿಂದೆ.

ಮೊನ್ನೆ ಬೆಳಗ್ಗೆ ನನ್ನ ಹೆಂಡತಿ ನೀಲಗಂಗವ್ವನ ಮೊಣಕೈ ಬಳಿ ಎರಡು ಚುಕ್ಕೆ. ಕನ್ನಡಿ ಒಳ್ಳೆ ಹಾವು ಎಂದಿತು. "ಕಣ್ಣರೆಪ್ಪಿ ಎತ್ತಾಕ ಬರವಲ್ದು," ಎಂದಳು ಅವಳು. ತೊಂಬತ್ತನಾಲ್ಕು ಅಂಕದ ಮುಂದೆ ನಿನ್ನ ರೆಪ್ಪೆ ಯಾವ ಲೆಕ್ಕ ಎಂದು ಚೇಷ್ಟೆ ಮಾಡಿ ಮನೆಗೆ ಹೊರಡಿಸಿದೆ. ಬಾಗಿಲಲ್ಲಿ ಎದುರಾದ ನರ್ಸ್ ಹುಸೇನಬಿ ಅವಳ ಬಾವಿಲ್ಲದ ಕೈ, ಜೋತುಬಿದ್ದ ರೆಪ್ಪೆ ನೋಡಿದವರೇ, ಇದು ಕಟ್ಟುಹಾವಿನ ಗುರುತೆಂದು, ಯಾರನ್ನೂ ಕೇಳದೆ ಅದರ ಮದ್ದು ಚುಚ್ಚಿದರು.

ಆಮೇಲೆ ನನ್ನನ್ನು ಕನ್ನಡಿಯ ಮುಂದೆ ಕೂರಿಸಿದರು. ಹಳೆಯ ವರ್ಷಗಳ ಕಡತದಿಂದ ನಾಲ್ಕೂ ಹಾವಿನ ಕಡಿತದ ಒಂದೊಂದು ಚಿತ್ರ ಸಾಲಾಗಿಟ್ಟು, ಕಟ್ಟುಹಾವಿನದು ಯಾವುದೆಂದು ಕೇಳಿದರು. ಹೀಗೆ ನಲವತ್ತು ಸಾಲು. ಕನ್ನಡಿ ಸರಿ ಹೇಳಿದ್ದು ಹತ್ತು. ಕಣ್ಣು ಕಟ್ಟಿಕೊಂಡು ಬೆರಳಿಟ್ಟರೂ ನಾಲ್ಕಕ್ಕೊಂದು ಸಿಕ್ಕುತ್ತದೆ.

"ನೂರರಾಗ ತೊಂಬತ್ತು ಒಳ್ಳೆ ಹಾವೇ ಇದ್ರ ಕುರುಡನೂ ಪಾಸ್ ಆಕ್ಕಾನ್ರೀ ಶರಭಣ್ಣಾರ. ತಪ್ಪಿದ ಆರು ಯಾವು ಅಂತ ನೋಡಿದ್ರೇನು?" ಎಂದರು ಹುಸೇನಬಿ.

ನೋಡಿರಲಿಲ್ಲ. ಆರರಲ್ಲಿ ಐದು ಕಟ್ಟುಹಾವು. ವರ್ಷವಿಡೀ ಬಂದ ಕಟ್ಟುಹಾವಿನ ಕಡಿತಗಳೇ ಐದು. ಐದನೆಯ ಹೆಸರು ಹುಸೇನಬಿಯವರ ತಂಗಿಯದು. ಅವಳನ್ನು ಮಣ್ಣು ಮಾಡುವಾಗ ನಾನೂ ಹೋಗಿದ್ದೆ.

ಇಂಥ ಯಂತ್ರಗಳನ್ನು ಮೊದಲು ಕಟ್ಟುತ್ತಿರುವವರು ನೀವು. ಒಟ್ಟು ಎಷ್ಟು ಸರಿ ಎಂದು ಕೇಳಿ ಸುಮ್ಮನಾಗಬೇಡಿ. ಅಪರೂಪದ ಜಾತಿಯನ್ನೂ ಬಿಡದೆ ಒಂದೊಂದನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ, ಪ್ರತಿಯೊಂದನ್ನೂ ಗುರುತಿಸು ನೋಡೋಣ ಎಂದು ಯಂತ್ರಕ್ಕೆ ಹೇಳಿ.

ನೀಲಗಂಗವ್ವ ಇಂದು ಕಣ್ಣು ತೆರೆದಳು. ಮೊದಲು ಕೇಳಿದ್ದು, "ಈಗ ಕನ್ನಡಿಗಿ ಎಷ್ಟ ಅಂಕ ಕೊಟ್ರಿ?" ಹುಸೇನಬಿ ಪಕ್ಕದಲ್ಲೇ ನಿಂತಿದ್ದರು. ನಾನು ಹೋಗಿ ಕನ್ನಡಿಯ ಹಾರ ತೆಗೆದೆ. ಆಮೇಲೆ ನಿಮಗೆ ಬರೆಯಲು ಕೂತೆ.

ನಿಮ್ಮ ಕುಡಿ,
ಶರಭಣ್ಣ