ಅಂಗಡಿ ಬಂದ್ ಐತ್ರಿ

ಜನವರಿ 9, ಸೋಮವಾರ. ಸಂಜೆ 7

ಯಾದಗಿರಿಯಿಂದ ಐದೂವರೆಯ ಬಸ್. ಭೀಮಾ ಸೇತುವೆ ದಾಟುವವರೆಗೂ ನಿಂತೇ ಬಂದೆ. ಆಫೀಸಿನಲ್ಲಿ ಇಡೀ ದಿನ ಇನ್ವರ್ಡ್ ರಿಜಿಸ್ಟರ್. ಬೆನ್ನು ಹಿಡಿದಿದೆ.

ಶಹಾಪುರದಲ್ಲಿ ಇಳಿದವನು ಸೀದಾ ದೇವಕಿಯ ಅಂಗಡಿಗೆ. ಸುಟ್ಟ ಮೋಟಾರಿನ ತಂತಿ ಬಿಚ್ಚುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಒಬ್ಬ ಗಂಡಸು, ತೊಡೆಯ ಮೇಲೆ ಲ್ಯಾಪ್‌ಟಾಪ್. ಮೌನಪ್ಪ. ಸುರಪುರದವನು. ಐಟಿಐಯಲ್ಲಿ ಇವಳ ಬ್ಯಾಚ್ ಅಂತೆ. ಹನ್ನೊಂದು ವರ್ಷದ ಸಂಸಾರದಲ್ಲಿ ಈ ಹೆಸರು ಒಮ್ಮೆಯೂ ಕೇಳಿಲ್ಲ.

ಮಾವ ಅಂಬ್ರಪ್ಪ ತೀರಿಕೊಂಡ ಮೇಲೆ ಮೋಟಾರ್ ವೈಂಡಿಂಗ್ ಅಂಗಡಿ ಇವಳದೇ. ಕಾಲುವೆಗೆ ನೀರು ಬಿಟ್ಟರೆ ರೈತರ ಮೋಟಾರ್ ಸುಡುತ್ತವೆ, ಕೆಲಸ ಬರುತ್ತದೆ. ಈ ಸಲ ಕಡಿಮೆ. ಹೆಣ್ಣುಮಗಳು ತಂತಿ ಸರಿಯಾಗಿ ಸುತ್ತುತ್ತಾಳೋ ಇಲ್ಲವೋ ಎಂದು ಹಳೇ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ. ಹೋದ ವರ್ಷ ಯಾರೋ ಮಾಡಿಕೊಟ್ಟ ವೆಬ್‌ಸೈಟ್ ಇದೆ. ನೆಟ್‌ನಲ್ಲಿ ಹುಡುಕಿದರೆ ನಾಲ್ಕನೇ ಪುಟದಲ್ಲಿ. ಅದನ್ನು ಮೇಲೆ ತರುತ್ತಾನಂತೆ ಇವನು.

ಎಲ್ಲರೂ ಅವಳಿಗೆ ಅಕ್ಕಾ, ಅವ್ವಾ ಅನ್ನುತ್ತಾರೆ. ಇವನು ದೇವಕಿ ಅನ್ನುತ್ತಾನೆ.

ಜನವರಿ 13, ಶುಕ್ರವಾರ

ಬೇಗ ಬಂದೆ. ಬೇಕೆಂದೇ. ಮೌನಪ್ಪ ಇದ್ದ.

"ರೈತ ಮಂದಿ ಬಂದು ಮೊದಲ ಏನಂತಾರ ಹೇಳು ದೇವಕಿ."

"ಮೋಟ್ರ ಸುಟ್ಟೈತವ್ವಾ ಅಂತಾರ. ಗುಂಯ್ ಅಂತೈತಿ, ನೀರ ಎತ್ತವಲ್ದು ಅಂತಾರ."

"ಹಾಂ, ಅದನ್ನ ಬರೀಬೇಕು. ನಿನ್ನ ಪೇಜ್‌ನಾಗ ಎಲೆಕ್ಟ್ರಿಕಲ್ ಸೊಲ್ಯೂಷನ್ಸ್ ಅಂತ ಐತಿ. ಹಂಗ ಯಾರ ಹುಡುಕ್ತಾರ? ಹೊಲದಾಗ ನಿಂತು ಫೋನಿಗೆ ಬಾಯಿಲೆ ಹೇಳ್ತಾರ, ಮೋಟ್ರ ಸುಟ್ಟೈತಿ, ಶಹಾಪುರದಾಗ ಎಲ್ಲಿ ರಿಪೇರಿ ಅಂತ."

ಅವಳು ನಕ್ಕಳು. ನನ್ನೆದುರು ಹಾಗೆ ನಕ್ಕು ಎಷ್ಟು ದಿನ...

ಪಾಸ್‌ವರ್ಡ್ ಕೇಳಿದ. ಕೊಟ್ಟಳು. ಫೋಟೊ ತೆಗೆದ — ತಂತಿ ಸುತ್ತುವ ಅವಳ ಕೈಯದು. ಕೈಯೇ ಏಕೆ? "ಮಂದಿಗೆ ಕೆಲಸ ಕಾಣಬೇಕ್ರಿ ಸರ್" ಅಂದ. ನಾನು ಕೇಳಿರಲೇ ಇಲ್ಲ. ಮುಖ ನೋಡಿಯೇ ತಿಳಿದುಕೊಂಡ. ಚಾಲಾಕಿ.

ಜನವರಿ 24, ಮಂಗಳವಾರ

ಆಫೀಸಿನಲ್ಲಿ ಹುಡುಕಿ ನೋಡಿದೆ. ಮೊದಲ ಪುಟದಲ್ಲೇ ಅವಳ ಅಂಗಡಿ.

ಫೋನ್ ಬರತೊಡಗಿವೆ. ಗೊತ್ತಿಲ್ಲದ ಗಂಡಸರು. ಊಟಕ್ಕೆ ಕುಳಿತಾಗ ಮೂರು. ಎಷ್ಟು ಹೆಚ್‌ಪಿ, ವಾಸನೆ ಬಂತಾ, ಮುಟ್ಟಿದರೆ ಬಿಸಿ ಇತ್ತಾ — ಡಾಕ್ಟರರ ಹಾಗೆ ಒಬ್ಬೊಬ್ಬರನ್ನೂ ವಿಚಾರಿಸಿದಳು. ರೊಟ್ಟಿ ಆರಿತು.

ನಾಲ್ಕನೆಯದು ಮೌನಪ್ಪನದು. ಎದ್ದು ಹೊರಗೆ ಹೋಗಿ ಮಾತಾಡಿದಳು.

"ಒಳಗ ಸಿಗ್ನಲ್ ಇಲ್ರೀ" ಅಂದಳು. ಆ ಮೂರಕ್ಕೆ ಇತ್ತಲ್ಲ.

ಜನವರಿ 29, ರವಿವಾರ. ಬೆಳಿಗ್ಗೆ 11

ಮೌನಪ್ಪ ಕಲಬುರಗಿಯಲ್ಲಿದ್ದಾನೆ. ತಂಗಿಯ ಹೆರಿಗೆಯಂತೆ, ಹತ್ತು ದಿನ.

ದೇವಕಿ ಸ್ನಾನಕ್ಕೆ ಹೋದಳು. ಫೋನ್ ಚಾರ್ಜಿಗೆ ಇತ್ತು. ಮೆಸೇಜ್ ನೋಡಿದೆ. ನೋಡಬಾರದಿತ್ತು, ನೋಡಿದೆ. ಬರೀ ಮೋಟಾರಿನ ಮಾತು. ಒಂದು ಕಡೆ ಮಾತ್ರ — 'ಕ್ಲಾಸ್‌ನಾಗ ಎಲ್ಲಾರಕಿಂತ ಚಂದ ಸುತ್ತತಿದ್ದಿ ನೀ.' ಅಷ್ಟೇ. ಅಷ್ಟೇ ಸಾಕಾಯಿತು.

ಅಂಗಡಿಯ ಪೇಜ್ ತೆರೆದೇ ಇತ್ತು. ವೆಬ್‌ಸೈಟ್‌ನಲ್ಲಿ, ಮ್ಯಾಪ್‌ನಲ್ಲಿ, ಎರಡೂ ಕಡೆ ಅವಳ ನಂಬರ್ ಅಳಿಸಿ ನನ್ನ ಎರಡನೇ ಸಿಮ್ಮಿನ ನಂಬರ್ ಹಾಕಿದೆ. ಆ ಸಿಮ್ ಇರುವುದು ಅವಳಿಗೆ ಗೊತ್ತಿಲ್ಲ. ಯಾರು ಫೋನ್ ಮಾಡುತ್ತಾರೆ, ಏನು ಮಾತಾಡುತ್ತಾರೆ — ಕೇಳಿಸಿಕೊಂಡು ಅವಳಿಗೆ ಹೇಳಿದರಾಯಿತು. ಎರಡು ದಿನದ ಮಟ್ಟಿಗೆ.

ಫೆಬ್ರವರಿ 2, ಗುರುವಾರ

ಎರಡು ದಿನ ಕಳೆದವು. ತೆಗೆದಿಲ್ಲ.

ಆರು ಮಂದಿ ಫೋನ್ ಮಾಡಿದರು. ಎಲ್ಲರದೂ ಸುಟ್ಟ ಮೋಟಾರೇ, ಬೇರೇನಿಲ್ಲ. ಮೊದಲನೆಯದು ಬಂದಾಗ ಸಾಹೇಬರ ಎದುರಿಗಿದ್ದೆ. ಏನು ಹೇಳಲಿ? "ಅಂಗಡಿ ಬಂದ್ ಐತ್ರಿ" ಅಂದೆ. ಒಮ್ಮೆ ಅಂದ ಮೇಲೆ ಸಲೀಸು.

ಸುರಪುರದ ಕಡೆಯ ಮರಿಲಿಂಗಪ್ಪ ಎಂಬಾತ ಎರಡು ಸಲ ಮಾಡಿದ. "ಕಾಲುವಿ ನೀರಿನ ಪಾಳಿ ಇನ್ನ ಮೂರ ದಿನ ಅಷ್ಟೇ ಐತ್ರಿ. ಮೋಟ್ರ ಹೊತ್ಕೊಂಡ ಬರ್ತೀನಿ, ಯಾವಾಗ ತೆರೀತೀರಿ?"

ತೆರೆಯುವುದಿಲ್ಲ ಅಂದೆ.

ಮನೆಯಲ್ಲಿ ದೇವಕಿ — "ಏನ್ರೀ ಇದು, ಫೋನ್ ನಿಂತೇ ಹೋದ್ವಲ್ಲ." ರೊಟ್ಟಿ ಮುರಿದೆ.

ಫೆಬ್ರವರಿ 10, ಶುಕ್ರವಾರ

ಬಸ್ಸಿನಲ್ಲಿರುವಾಗಲೇ ಎರಡನೇ ಸಿಮ್ಮಿಗೆ ಫೋನ್. ಪರದೆಯ ಮೇಲೆ — ದೇವಕಿ. ಎತ್ತಲಿಲ್ಲ. ಸಿಮ್ ಬಂದ್ ಮಾಡಿದೆ.

ಅಂಗಡಿಯಲ್ಲಿ ಅರವತ್ತು ದಾಟಿದ ಒಬ್ಬ ರೈತ. ದನಿ ಕೇಳಿ ತಿಳಿಯಿತು, ಮರಿಲಿಂಗಪ್ಪ. ನನ್ನ ದನಿ ಅವನಿಗೆ ತಿಳಿಯಬಾರದೆಂದು ಬಾಯಿ ಬಿಡಲಿಲ್ಲ.

"ಬಂದ್ ಅಂದಾನವ್ವಾ ಒಬ್ಬ ಗಂಡಸು. ಯಾದಗಿರಿಗೆ ಒಯ್ದೆ, ಆರು ದಿನ ಕಾಯಿಸಿದ್ರು. ನೀರಿನ ಪಾಳಿ ಮುಗೀತು. ಹಚ್ಚಿದ ಭತ್ತ ಎರಡೆಕರೆ ಒಣಗಿ ಹೋತು. ಇವತ್ತ ಈ ಕಡಿ ಬಂದ್ರ ನಿನ್ನ ಬಾಗಿಲ ತೆರದೈತಿ!"

ಅವನು ತೋರಿಸಿದ ಆ ನಂಬರಿಗೇ ಅವಳು ಆಗ ಫೋನ್ ಹಚ್ಚಿದ್ದು. ದೇವಕಿಯ ಕೈಯಲ್ಲಿನ ಇಕ್ಕಳ ಹಾಗೇ ನಿಂತಿತ್ತು.

ಫೆಬ್ರವರಿ 11, ಎರಡನೇ ಶನಿವಾರ

ರಜೆ. ಅಂಗಡಿಯಲ್ಲೇ ಕುಳಿತಿದ್ದೆ. ಮೌನಪ್ಪನನ್ನು ಕರೆಸಿದ್ದಳು.

"ಪಾಸ್‌ವರ್ಡ್ ಗೊತ್ತಿದ್ದದ್ದು ನಿನಗ, ನನಗ. ನಾ ಬದಲಿ ಮಾಡಿಲ್ಲ. ನನ್ನ ಗಿರಾಕಿನ್ನ ಯಾರ ಅಂಗಡಿಗೆ ಕಳಸಾಕತ್ತಿದ್ದಿ?"

ಅವನು ಲ್ಯಾಪ್‌ಟಾಪ್ ತೆರೆದು ಬಹಳ ಹೊತ್ತು ನೋಡಿದ. "ನಿನ್ನ ಫೋನಿಂದನ ಬದಲಾಗೈತಿ ದೇವಕಿ. ಇಪ್ಪತ್ತೊಂಬತ್ತನೇ ತಾರೀಖು, ಐತವಾರ. ನಾ ಕಲಬುರ್ಗ್ಯಾಗ ದವಾಖಾನ್ಯಾಗ ಇದ್ದೆ."

"ಅಂದ್ರ ನಾ ಸುಳ್ಳ ಹೇಳಾಕತ್ತೀನಿ?"

ಅವನು ನನ್ನ ಕಡೆ ತಿರುಗಿದ. "ಸರ್, ನಿಮಗೇನರ ಗೊತ್ತೈತೇನ್ರಿ?"

"ನನಗೇನ್ ಗೊತ್ತಪಾ."

ಅವನು ನನ್ನಿಂದ ಕಣ್ಣು ಕೀಳಲಿಲ್ಲ. ತಿಳಿಯಿತು ಅವನಿಗೆ. ಆದರೂ ಅವಳ ನಂಬರ್ ಮತ್ತೆ ಹಾಕಿಕೊಟ್ಟ. ಪಾಸ್‌ವರ್ಡ್ ಬದಲಿಸುವುದು ಹೇಗೆಂದು ತೋರಿಸಿದ. ಚೀಲ ಹೆಗಲಿಗೇರಿಸಿಕೊಂಡು ಹೋದ.

"ಅವನ ಮ್ಯಾಲ ನಿಮಗ ಮೊದಲ ಅನುಮಾನ ಇತ್ತು, ಮುಖದಾಗ ಕಾಣತಿತ್ತು. ನಾನ ಲಕ್ಷ್ಯ ಕೊಡಲಿಲ್ಲ" ಅಂದಳು ದೇವಕಿ.

ನನಗೆ ಬೇಕಾದದ್ದು ಆಯಿತು. ಹಾಗಾದರೆ ಯಾಕೆ...

ಫೆಬ್ರವರಿ 26, ರವಿವಾರ

ಎರಡು ವಾರ ಬರೆಯಲಾಗಲಿಲ್ಲ.

ಫೋನ್ ಬರುತ್ತಿವೆ, ಅವಳಿಗೇ. ಮೌನಪ್ಪ ಬರೆದ ಮಾತುಗಳನ್ನೇ ಹುಡುಕಿ ಬರುತ್ತಾರೆ ಮಂದಿ. ಆದರೆ ಯಾರು ಮಾಡಿದರೂ ಅವಳ ಮೊದಲ ಮಾತು — "ನಂಬರ್ ಯಾರ ಕೊಟ್ಟಾರ?" ಪಕ್ಕದ ಟೀ ಅಂಗಡಿಯ ಖಾಜಾಹುಸೇನ ಅವಳಪ್ಪನ ಕಾಲದವರು. ಅವರು ಬಂದು ಕುಳಿತರೂ ಫೋನ್ ಬೋರಲು ಇಡುತ್ತಾಳೆ. ತಂತಿ ಸುತ್ತುವಾಗ ಕಣ್ಣು ಬಾಗಿಲ ಕಡೆ. ಮೊನ್ನೆ ಸುತ್ತಿನ ಲೆಕ್ಕ ತಪ್ಪಿ ಪೂರ್ತಿ ಬಿಚ್ಚಿದಳು. ಅವಳ ಕೈ ತಪ್ಪಿದ್ದನ್ನು ನಾನು ಕಂಡಿದ್ದೇ ಇಲ್ಲ.

ಎಲ್ಲರನ್ನೂ ಅನುಮಾನಿಸುತ್ತಾಳೆ ಈಗ. ನನ್ನೊಬ್ಬನನ್ನು ಬಿಟ್ಟು.

ಮಾರ್ಚ್ 5, ರವಿವಾರ. ಸಂಜೆ 5

ಸಿಮ್ ಚಾಲೂ ಮಾಡಿಕೊಂಡು ಅಂಗಡಿಗೆ ಹೋದೆ.

"ಆ ನಂಬರಿಗೆ ಇನ್ನೊಮ್ಮೆ ಫೋನ್ ಹಚ್ಚು."

"ಯಾಕ್ರೀ? ಅದು ಬಂದ್ ಐತಿ."

"ಹಚ್ಚು."

ಹಚ್ಚಿದಳು. ನನ್ನ ಜೇಬಿನಲ್ಲಿ ಬಡಿದುಕೊಂಡಿತು. ಅವಳು ಕಟ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ತಾನಾಗಿ ನಿಲ್ಲುವವರೆಗೆ ಇಬ್ಬರೂ ನಿಂತಿದ್ದೆವು.

ಬೈಯುತ್ತಾಳೆ ಎಂದುಕೊಂಡಿದ್ದೆ. ಅಳುತ್ತಾಳೆ ಎಂದುಕೊಂಡಿದ್ದೆ.

"ಎಷ್ಟ ಮಂದಿಗೆ ಬಂದ್ ಅಂದ್ರಿ?"

"ಹನ್ನೊಂದು."

"ಮೌನಪ್ಪನ ಮನಿಗೆ ನಾ ಹೋಗ್ತೀನಿ, ಈಗ. ಒಳಗ ಕರೀತಾನೋ ಇಲ್ಲೋ. ನೀವು ಇಲ್ಲೇ ಕುಂದ್ರಿ. ಹನ್ನೊಂದು ಮಂದಿಗೂ ಹಚ್ರಿ. ನೀವ್ಯಾರು, ಯಾಕ ಹಂಗ ಅಂದ್ರಿ, ಖರೆ ಹೇಳ್ರಿ."

ಕೈ ಒರೆಸಿಕೊಂಡು ಸುರಪುರದ ಬಸ್ಸಿಗೆ ಹೋದಳು. ತಿರುಗಿ ನೋಡಲಿಲ್ಲ.

ಅವಳ ಸ್ಟೂಲಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಬರೆಯುವಷ್ಟು ಹೊತ್ತು ಫೋನ್ ಹಚ್ಚುವುದು ತಪ್ಪುತ್ತದೆ, ಅದಕ್ಕೆ. ಸಾಕು. ಮೊದಲು ಮರಿಲಿಂಗಪ್ಪ. ಹಚ್ಚಿದೆ. ರಿಂಗ್ ಹೋಗುತ್ತಿದೆ. ಏನಂತ ಶುರು ಮಾಡಲಿ... ನಾನು ದೇವಕಮ್ಮನ ಗಂಡ ಅಂತಲೇ... ಎತ್ತಿದ —