ಪರಸ್ಥಾನದ ಗಂಟು

೨೪-೯-೨೦೦೨, ಮಂಗಳವಾರ, ಮುಂಜಾನೆ ೭

ಗೇಜ್ ನೋಡಿ ಬಂದ್ನಿ. ಡ್ಯಾಮಿನ ನೀರು ನಿನ್ನೆಗಿಂತ ಒಂದು ಪಾಯಿಂಟ್ ಕಡಿಮಿ. ಕೂಸು ಬಗಲಾಗ. ರತ್ನಾಗ ಓದಾಕ ಒಂದು ತಾಸರೆ ಸಿಗಲಿ ಅಂತ ದಿನಾ ಇಕಿನ್ನ ಎತ್ತಿಕೊಂಡು ಗೇಜ್ ರೂಮಿಗೆ ಹೋಗತೇನಿ. ಅಲ್ಲಿಂದ ಡಿವಿಜನ್ ಆಫೀಸಿಗೆ ಫೋನ್. ಲೈನ್ ಎಷ್ಟ ಚಂದ ಐತಿ ಅಂದ್ರ, ಒದರದಿದ್ರ ಆ ಕಡೆ ಕೇಳಂಗಿಲ್ಲ. "ಎರಡು ಸಾವಿರದಾ... ನಲವತ್ತೆಂಟೂ... ಪಾಯಿಂಟ್ ಎರಡೂ!" ಕೂಸು ಬಾಯಿ ತಕ್ಕೊಂಡು ನನ್ನ ಮಾರಿನ ನೋಡತಿತ್ತು. ನಾಲ್ಕು ತಿಂಗಳದ ಹುಡುಗಿ. ಅಪ್ಪಗ ಹುಚ್ಚು ಹಿಡದೈತಿ ಅಂತ ತಿಳಕೊಂಡಿರಬೇಕು.

ಮಧ್ಯಾಹ್ನ

ಟಪಾಲಿನ್ಯಾಗ ರತ್ನಾನ ಹಾಲ್‌ಟಿಕೆಟ್ ಬಂತು. ಮಾಸ್ತರಿಕಿ ಪರೀಕ್ಷಾ. ಅಕ್ಟೋಬರ್ ಆರು, ಬೈಲಹೊಂಗಲ, ಹತ್ತರಿಂದ ಒಂದೂವರಿ. ನಡುವ ಹೊರಗ ಬಂದ್ರ ಮತ್ತ ಒಳಗ ಬಿಡಂಗಿಲ್ಲ ಅಂತ ದಪ್ಪ ಅಕ್ಷರದಾಗ ಬರದಾರ. ರತ್ನಾ ಓದಿ ನಕ್ಕಳು. ಆಮ್ಯಾಲ ಕೂಸಿನ್ನ ನೋಡಿದ್ಲು. ನಗು ಹೋತು.

ಎರಡು ತಾಸಿಗೊಮ್ಮೆ ಕುಡಿಯೂ ಕೂಸು. ತಾಯಿ ಹಾಲ ಬಿಟ್ಟು ಜಗತ್ತಿನ್ಯಾಗ ಬ್ಯಾರೆ ಏನರೆ ಐತಿ ಅನ್ನೂದು ಅದಕ್ಕ ಗೊತ್ತಿಲ್ಲ. ಮುಂದಿನ ಸಲಕ್ಕ ರತ್ನಾನ ವಯಸ್ಸು ದಾಟತೈತಿ. ಇದ ಕಡೀದು.

೨೬-೯, ಬೇಸ್ತವಾರ

ವಾಟಿ-ಚಮಚ ತಾಲೀಮು ಸುರು. ಆಕಳ ಹಾಲು, ನೀರು ಹಾಕಿ ಕಾಸಿ ಆರಿಸಿದ್ದು. ತೊಟ್ಟಿಲಕ್ಕ ಹಾಕಿದಾಗ ರತ್ನಾನ ತವರಿನವರು ಕೊಟ್ಟ ಬೆಳ್ಳಿ ವಾಟಿ. ಮೊದಲನೇ ಚಮಚ ನನ್ನ ಅಂಗಿ ಮ್ಯಾಲ. ಎರಡನೇದು ಕೂಸಿನ ಮೂಗಿಗೆ. ಮೂರನೇದು ಬಾಯಾಗ ಹೋತು... ಹೋದಷ್ಟ ಚಂದಾಗಿ ಹೊರಗ ಬಂತು.

ಅವ್ವ ಬಾಗಲದಾಗ ಕುಂತು ನೋಡತಿದ್ಲು. "ಹೆಂಗಸರ ಕೆಲಸಾ ಗಂಡಸು ಹಿಡದ್ರ ಹಿಂಗ."

ಹಂಗಾರ ನೀ ಹಾಕು ಅಂದ್ನಿ.

"ನಾ ಯಾಕ ಹಾಕಲಿ? ತಾಯಿ ಗಟ್ಟಿಮುಟ್ಟ ಇರೂವಾಗ ಕೂಸಿಗೆ ಹೊರಗಿನ ಹಾಲ್ಯಾಕ?"

ಇವತ್ತಿನ ಲೆಕ್ಕ: ಹೊಟ್ಯಾಗ ಹೋಗಿದ್ದು ಸೊನ್ನಿ.

೨೯-೯, ಆಯಿತವಾರ

ಮನ್ಯಾಗ ಗುದ್ದಾಟ. ಅವ್ವಗ ಯಾರೋ ಹೇಳ್ಯಾರ, ಆರನೇ ತಾರೀಖು ಅಮಾಸಿ. ಅದೂ ಹಿರೇರ ಅಮಾಸಿ.

"ಕೂಸು ಹೊಸ್ತಿಲಾ ದಾಟಂಗಿಲ್ಲ. ಪರೀಕ್ಷಾ ಇಡೂ ಮಂದಿಗೆ ಪಂಚಾಂಗ ಗೊತ್ತಿಲ್ಲೇನು?"

ಕೂಸಿನ್ನ ಮನ್ಯಾಗ ಬಿಟ್ಟು ಹೋಗ್ರಿ ಅಂತಾಳ. ಹೋಗೂದು ಬರೂದು ಹಿಡದು ಹತ್ತ-ಹನ್ನೊಂದು ತಾಸು ಆಗತೈತಿ. ಮೂರೂವರಿ ತಾಸಿಗೇ ನನ್ನ ಎದಿ ಢವಢವ ಅನ್ನಾಕ ಹತ್ತೈತಿ!

ರತ್ನಾ ತೊಟ್ಟಿಲ ಹಗ್ಗಾ ಕಾಲಬೆರಳಿಗೆ ಕಟ್ಟಿಕೊಂಡು ತೂಗತಾ ತೂಗತಾ ಓದಿದ್ಲು. ಪುಸ್ತಕದ ಹಾಳಿ ಮಾತ್ರ ಬಾಳ ಹೊತ್ತು ತಿರುವಲಿಲ್ಲ.

೧-೧೦, ಮಂಗಳವಾರ

ಹಾದಿ ಸಿಕ್ತು. ಬಾಜೂ ಕ್ವಾರ್ಟರ್ಸಿನ ಬಾಳಕೃಷ್ಣರಾಯರು ನಮ್ಮ ಆಫೀಸಿನ ಕ್ಲಾರ್ಕು. ಅವರ ಮನೆಯವರು ರಾಧಾಬಾಯಿ ಸಾಕ್ಷಾತ್ ಪಂಚಾಂಗ. ಅವ್ವನ ಎದುರಿಗೇ ಹೇಳಿದ್ರು, "ಅಷ್ಟ ಯಾಕ ಚಿಂತಿ ಮಾಡತೀರಿ ಸಾವಿತ್ರೆವ್ವಾ? ಕೂಸಿಂದು ಪರಸ್ಥಾನ ಇಡ್ರಿ. ಶುಕ್ರವಾರ ಮುಂಜಾನೆ ಹೊತ್ತು ಚಲೋ ಅದ."

ಹೊರಡೂ ದಿನಾ ಚಲೋ ಇಲ್ಲದಿದ್ರ, ಮೊದಲ ಒಂದು ಚಲೋ ದಿನಾ ಗಂಟು ಕಟ್ಟಿ ಬ್ಯಾರೆಯವರ ಮನ್ಯಾಗ ಇಡೂದು. ಗಂಟು ಹೊಂಟಿತು ಅಂದ್ರ ಮನಷ್ಯಾನೂ ಹೊಂಟಂಗ. ಆಮ್ಯಾಲ ಯಾವತ್ತ ಹೋದ್ರೂ ಅದು ನಡುಹಾದಿ, ಹೊರಡೂದಲ್ಲ. ಒಂದ ಮಾತು, ಹೋಗಿ ಬರೂ ತನಕ ಆ ಗಂಟು ಹೊಳ್ಳಿ ಮನಿಗೆ ತರಂಗಿಲ್ಲ.

ಅವ್ವ ಹೂಂ ಅನ್ನಲಿಲ್ಲ, ಉಹೂಂನೂ ಅನ್ನಲಿಲ್ಲ. ನಮಗ ಅಷ್ಟ ಸಾಕಾತು.

೪-೧೦, ಶುಕ್ರವಾರ

ಗಂಟು ಕಟ್ಟಿದ್ವಿ. ಗಂಟಲ್ಲ, ಜ್ವಾಳದ ಚೀಲ ಅನ್ನಬೇಕು! ಹನ್ನೆರಡು ಲಂಗೋಟಿ. ಸಾಲಂಗಿಲ್ಲ ಅಂತ ಮತ್ತ ನಾಲ್ಕು. ಜಬಲಾ, ಕುಂಚಿಗಿ, ದುಪ್ಪಡಿ, ಗ್ರೈಪ್ ವಾಟರ್, ಕಾಡಿಗಿ ಡಬ್ಬಿ. ಬೆಳ್ಳಿ ವಾಟಿ-ಚಮಚ ನಾನ ಅರಿವ್ಯಾಗ ಸುತ್ತಿ ನಟ್ಟನಡುವ ಇಟ್ನಿ. ರತ್ನಾ ಇಡತಾಳ, ಅವ್ವ ತಗಿತಾಳ, ಮಡಚಿದ್ದು ಸರಿ ಇಲ್ಲ ಅಂತ ಮತ್ತ ಮಡಚಿ ಇಡತಾಳ. ಕಡೀಕ ಕೂಸಿನ ಹಣಿಗೆ ಹಚ್ಚೂ ಇಬತ್ತಿ ಉಂಡಿ ತಂದು ತುರುಕಿದ್ಲು. ಸಿಟ್ಟ ಇದ್ರೂ ಕೈ ಸುಮ್ಮನ ಇರಂಗಿಲ್ಲ ಅಕಿದು.

"ರೀ, ಹಾಲ್‌ಟಿಕೆಟ್ ಅದರಾಗ ಹಾಕೀರಿ ಮತ್ತ," ಅಂದ್ಲು ರತ್ನಾ. ಅದು ಅಕಿ ಪರ್ಸಿನ್ಯಾಗ ಐತಿ.

ಒಂಬತ್ತಕ್ಕ ರಾಧಾಬಾಯಿ ಅವರ ಪಡಸಾಲ್ಯಾಗ ಇಟ್ಟು ಬಂದ್ನಿ. ಕೂಸು ಅಧಿಕೃತವಾಗಿ ಪ್ರಯಾಣ ಬೆಳೆಸೇತಿ. ಸದ್ಯ ತೊಟ್ಟಿಲದಾಗ ನಿದ್ದಿ ಹೊಡ್ಯಾಕ ಹತ್ತೈತಿ.

೫-೧೦, ಶನಿವಾರ

ಮನೀ ಸ್ಟೀಲ್ ಚಮಚದಾಗ ಹಾಕಿದ್ನಿ. ಎರಡು ಚಮಚ ಹೋತು. ಎರಡ! ಸಂಜಿಗೆ ನನಗ ಗೇಟ್ ಡ್ಯೂಟಿ. ರತ್ನಾ ಗೇಜ್ ರೂಮಿನ್ಯಾಗ ಕುಂತು ಓದತೇನಿ ಅಂತ ಹೋಗ್ಯಾಳ, ಕೂಸಿನ ಜೋಡಿ ಅವ್ವ. ನಾಳೆ ಆರರ ಬಸ್ಸು.

೬-೧೦, ಆಯಿತವಾರ, ಅಮಾಸಿ. ಸಂಜಿ ೫, ಮನಿ

ಎಲ್ಲಿಂದ ಬರೀಲಿ...

ಮುಂಜಾನೆ ಐದೂವರಿಗೆ ಗಂಟು ತರಾಕ ಹೋದ್ನಿ. ರಾಧಾಬಾಯಿ ಅವರ ಬಾಗಲಕ್ಕ ಇಷ್ಟು ದೊಡ್ಡ ಬೀಗ. ಕಾಲನಿ ವಾಚ್‌ಮನ್ ಹೇಳಿದಾ — ರಾಮದುರ್ಗದಾಗ ರಾಯರ ಅಣ್ಣಗ ಆರಾಮ ಇಲ್ಲಂತ, ನಿನ್ನೆ ಸಂಜಿಮುಂದ ಫೋನ್ ಬಂತು, ಉಟ್ಟ ಬಟ್ಟಿ ಮ್ಯಾಲ ಹೋದ್ರು. ಗಂಟು ಒಳಗ. ವಾಟಿ ಒಳಗ. ಹದಿನಾರು ಲಂಗೋಟಿ ಒಳಗ.

ಮನಿಗೆ ಬಂದು ಹೇಳಿದ್ನಿ. ರತ್ನಾ ಹೊಸ ಸೀರಿ ಉಟ್ಟು ತಯಾರಾಗಿ ನಿಂತಿದ್ಲು. ಕಟ್ಟಿ ಮ್ಯಾಲ ಕುಂತಬಿಟ್ಲು. ಹಾಲ್‌ಟಿಕೆಟ್ ತಗದು ಎರಡ ಮಡಿಕಿ ಮಾಡಿದ್ಲು. ನಾಲ್ಕ ಮಾಡಿದ್ಲು. "ಬಿಡ್ರಿ. ದೇವರಿಗೇ ಮನಸಿಲ್ಲ."

ನನಗ ತಲಿ ಕೆಟ್ಟಿತು. ಅವ್ವನ ಮ್ಯಾಲ ಹರಿಹಾಯ್ದ್ನಿ. "ನಿನ್ನೆ ಸಂಜಿಗೆ ಮನ್ಯಾಗ ಇದ್ದಾಕಿ ನೀ ಒಬ್ಬಾಕಿನ. ಅವರು ಹೋಗಿದ್ದು ನಿನಗ ಕಾಣಲಿಲ್ಲೇನು?"

"ಕಂಡಿತು," ಅಂದ್ಲು ಅವ್ವ. "ಇಲ್ಲೇ ನಿಂತು ನೋಡಿದ್ನಿ. ಗಂಟಿನ ನೆನಪೂ ಆತು. ಬಾಯಿ ಬಿಡಲಿಲ್ಲ."

ಅವ್ವ ರತ್ನಾನ ಕೈಯಾಗಿನ ಆ ಸಣ್ಣ ಮಡಿಕಿನ ನೋಡಕೋತ ನಿಂತಿದ್ಲು. ಒಮ್ಮೆಲೆ ಒಳಗ ಹೋದ್ಲು. ಟ್ರಂಕ್ ತಗದ ಸಪ್ಪಳ. ಆಮ್ಯಾಲ ಪರ್‍ರ್‍ ಅಂತ ಅರಿವಿ ಹರದ ಸಪ್ಪಳ. ಹೊರಗ ಬಂದಾಗ ಅಕಿ ಹಳೇ ಇಳಕಲ್ ಸೀರಿ ಅರ್ಧಾ ಲಂಗೋಟಿ ಆಗಿತ್ತು. ಮೆತ್ತಗಿತ್ತಂತ ಎತ್ತಿಟ್ಟಿದ್ಲು ಅದನ್ನ.

"ಏಳ ರತ್ನಾ. ಕೂಸು ಶುಕ್ರವಾರನ ಹೊಂಟೈತಿ. ಗಂಟು ಅಲ್ಲೇ ಇದ್ರ ಇರಲಿ, ಹೆಂಗೂ ಹೊಳ್ಳಿ ತರಂಗಿಲ್ಲ ಅದನ್ನ. ನಾನೂ ಬರತೇನಿ."

"ಅತ್ತೀ, ಅಮಾಸಿ..."

"ಗೊತ್ತೈತಿ ನಡೀ. ಬಸ್ಸು ನಿನಗ ನಿಂದರತೈತೇನು?"

ಬಸ್ಸು ಯರಗಟ್ಟಿ ದಾಟಿತು. ಅವ್ವ ಕಿಡಕಿ ಕಡೆ ನೋಡತಾ ಹೇಳಿದ್ಲು. "ನಿನಗಿಂತ ಮೊದಲ ಒಂದಿತ್ತು. ಹೆಣ್ಣು. ಇಷ್ಟ ಇತ್ತು. ಅಮಾಸಿ ದಿನಾ ತವರಿಂದ ಕರಕೊಂಡು ಬಂದ್ನಿ, ಬ್ಯಾಡ ಅಂದ್ರೂ ಕೇಳಲಿಲ್ಲ. ಮೂರು ದಿನಾ ಜ್ವರಾ. ಅಷ್ಟ." ಮೂವತ್ತು ವರ್ಷ ಆತು ನಾ ಹುಟ್ಟಿ. ನನಗೊಬ್ಬಾಕಿ ಅಕ್ಕ ಇದ್ಲು ಅನ್ನೂದು ಇವತ್ತ ಗೊತ್ತಾತು. ಮುಂಜಾನೆ ಒದರಿದ್ದಕ್ಕ ಮಾರಿ ಎಲ್ಲಿ ಇಡಲಿ ತಿಳಿಲಿಲ್ಲ. ರತ್ನಾ ಕೂಸಿನ್ನ ಅವ್ವನ ತೊಡಿ ಮ್ಯಾಲ ಕೊಟ್ಟಳು.

ಬೈಲಹೊಂಗಲದ ಸಾಲಿ ಅಂಗಳದಾಗ ಜಾತ್ರಿ ಕೂಡಿತ್ತು ಅನ್ನಬೇಕು! ಒಂದೊಂದು ಬೇವಿನ ಗಿಡದ ಬುಡಕ ಒಂದೊಂದು ಕೂಸು, ಅದರ ಜೋಡಿ ಕಕ್ಕಾಬಿಕ್ಕಿ ಆದ ಒಬ್ಬ ಗಂಡಸು. ರತ್ನಾ ಕುಡಿಸಿ, ಒಂಬತ್ತೂ ಮುಕ್ಕಾಲಿಗೆ ಒಳಗ ಹೋದ್ಲು. ಹನ್ನೊಂದೂವರಿ ತನಕ ಕೂಸು ರಾಣಿಹಂಗ ಇತ್ತು. ಆಮ್ಯಾಲ ಸುರು ಆತು ನೋಡ್ರಿ. ಹಾಲು ಹೋಟೆಲ್ಲಿನ್ಯಾಗ ಸಿಕ್ತು. ಗಡಿಬಿಡ್ಯಾಗ ಮನೀ ಚಮಚ ತರೂದು ಮರತಿದ್ವಿ, ವಾಟಿ-ಚಮಚ ಕೊಟ್ಟಾವ್ರು ಕಿತ್ತೂರ ಕಡೆಯ ಶಟ್ಟೆಪ್ಪ ಅನ್ನಾವ್ರು, ಸೊಸಿನ್ನ ಪರೀಕ್ಷಾಕ್ಕ ಕರಕೊಂಡು ಬಂದಿದ್ರು. ಏನ್ ಮಾಡಿದ್ರೂ ಕೂಸು ಬಾಯಿ ಬಿಗಿ ಹಿಡದು ಮಾರಿ ಹೊಳ್ಳಸತೈತಿ. ಬಾಯಿ ತಗದ್ರ ಅಳಾಕಷ್ಟ.

ರತ್ನಾನ ಖೋಲಿ ಕಿಡಕಿ ಈ ಕಡೇನ. ಅಕಿ ತಲಿ ಎತ್ತಿದ್ದು ಕಾಣಿಸಿತು. ಪೆನ್ ಕೆಳಗ ಇಟ್ಟಿದ್ದೂ ಕಾಣಿಸಿತು.

"ಎತ್ತ ಕೂಸಿನ್ನ! ಅಕಿ ಕಿವಿಗೆ ಬೀಳಬಾರದು, ನಡಿ!" ಅವ್ವ ವಾಟಿ ಹಿಡಕೊಂಡು ಓಡಾಕ ಹತ್ತಿದ್ಲು. ಅರವತ್ತು ವರ್ಷದ ಮುದುಕಿ ಮುಂದ, ನಾ ಹಿಂದ. ಬಸ್‌ಸ್ಟ್ಯಾಂಡ್ ಬರೂ ತನಕ ನಿಂದರಲಿಲ್ಲ. ಅಲ್ಲಿ ಒಬ್ಬ ಕಂಡಕ್ಟರ್ ಗಂಟಲ ಹರಕೊಳ್ಳತಿದ್ದಾ. "ಯರಗಟ್ಟೀ... ಸವದತ್ತೀ... ಸವದತ್ತೀ!"

ಕೂಸು ಗಪ್. ಅವನ ಕಡೆ ಹೊಳ್ಳಿ, ಬಾಯಿ ತಕ್ಕೊಂಡು ನೋಡಾಕ ಹತ್ತಿತು.

ಥೂ ನನ್ನ ಬುದ್ಧಿಗೆ! ಹದಿನೈದು ದಿನಾ ಮುಂಜಾನೆ ಇದ ಮಾರಿ ನೋಡೇನಿ! ನಡು ಬಸ್‌ಸ್ಟ್ಯಾಂಡಿನ್ಯಾಗ ನಿಂತು ಒದರಿದ್ನಿ. "ಎರಡು ಸಾವಿರದಾ..." ಬಾಯಿ ತಗೀತು. ಅವ್ವ ಚಮಚ ಹಾಕಿದ್ಲು. "ನಲವತ್ತೆಂಟೂ..." ನುಂಗಿತು. "ಪಾಯಿಂಟ್ ಎರಡೂ!" ಮತ್ತ ತಗೀತು. ಮಂದಿ ಸುತ್ತ ನಿಂತರು. ಒಬ್ಬ ಕೇಳಿದಾ, ಇದು ಯಾವ ಊರ ಬಸ್ಸರಿ? ಹದಿನೇಳು ಚಮಚ ಹೋತು. ಕಂಡಕ್ಟರ್ ಚಪ್ಪಾಳಿ ಹೊಡದಾ. ಅವ್ವ ಸೆರಗಿಲೆ ಕಣ್ಣು ವರಸ್ಕೋತ ನಗತಿದ್ಲು.

ಒಂದೂವರಿಗೆ ಹೊಳ್ಳಿ ಸಾಲಿ ಅಂಗಳಕ್ಕ ಬಂದು ನಿಂತಿದ್ವಿ, ರತ್ನಾ ಓಡಿ ಬಂದ್ಲು. ಎದಿ ಸೆರಗು ಹಸಿ. ಕೂಸು ಅವ್ವನ ಹೆಗಲ ಮ್ಯಾಲ ನಿದ್ದಿ ಮಾಡತಿತ್ತು. "ಕುಡೀತಾ?"

"ಹದಿನೇಳು ಚಮಚ!"

ನಕ್ಕಳು. ಆಮ್ಯಾಲ ಅಲ್ಲೇ ನಿಂತು ಅತ್ತಳು. "ನಾ ಇಲ್ಲದನ ಕುಡೀತಲ್ಲರೀ..." ಪೇಪರ್ ಹೆಂಗಾತು ಅಂತ ಕೇಳೂದು ಬಸ್ಸು ಏರಿದ ಮ್ಯಾಲ ನೆನಪಾತು.

೧೦-೧೦, ಬೇಸ್ತವಾರ

ರಾಧಾಬಾಯಿ ಅವರು ಊರಿಂದ ಬಂದ್ರು, ಹೋಗಿ ಬಂದ ಮ್ಯಾಲ ದೋಷ ಇಲ್ಲಂತ, ಗಂಟು, ಬೆಳ್ಳಿ ವಾಟಿ ಮನಿಗೆ ಬಂದುವು. ಕೂಸಿಗೆ ಜ್ವರಾ ಗಿರಾ ಏನೂ ಇಲ್ಲ. ನಾಲ್ಕು ದಿನಾ ಅವ್ವ ತಾಸಿಗೊಮ್ಮೆ ಹಣಿ ಮುಟ್ಟಿ ನೋಡ್ಯಾಳ. ಇವತ್ತ ಮುಟ್ಟೂದು ಬಿಟ್ಟಳು.

೧೮-೧೨, ಬುಧವಾರ

ರತ್ನಾನ ನೌಕರಿ ಆರ್ಡರ್ ಬಂತು! ಚಚಡಿ ಸಾಲಿ. ಸೋಮವಾರ ಹಾಜರಾಗಬೇಕು.

೨೨-೧೨, ಆಯಿತವಾರ, ಸಂಜಿ ೬

ನಾಳೆ ಮುಂಜಾನೆ ಹೊರಡೂದು. ಸಾಲಿ ಹತ್ರ ಒಂದು ಖೋಲಿ ಹಿಡದೇವಿ. ನನಗ ಡ್ಯಾಮ್ ಬಿಟ್ಟು ಇರಾಕ ಆಗಂಗಿಲ್ಲ, ರಜಾ ಸಿಕ್ಕಾಗ ಹೋಗಿ ಬರೂದು. ರತ್ನಾ ಸಾಲಿಗೆ ಹೋದ್ರ ಕೂಸು ಯಾರ ಕಡೆ? ನಾಲ್ಕು ದಿನಾ ಆತು, ಇಬ್ಬರೂ ಅವ್ವನ ಮಾರಿ ನೋಡತೇವಿ, ಕೇಳಾಕ ಧೈರ್ಯ ಆಗವಲ್ದು. "ಈ ಮನಿ ಬಿಟ್ಟು ನಾ ಒಂದಿನಾ ಎಲ್ಲೂ ಇರಂಗಿಲ್ಲ" ಅಂತ ಎಷ್ಟ ಸಲ ಅಂದಾಳ ಅಕಿ. ಚಚಡ್ಯಾಗ ಯಾರರೆ ಹೆಣಮಗಳ ಸಿಗತಾಳೇನು ನೋಡೂಣು ಅಂದ್ಲು ರತ್ನಾ, ಸಣ್ಣ ದನಿಲೆ.

ಸೋಮವಾರ ಹೊತ್ತು ಚಲೋ ಇಲ್ಲಂತ, ಶುಕ್ರವಾರ ರತ್ನಾಂದು ಕೂಸಿಂದು ಎರಡೂ ಗಂಟು ರಾಧಾಬಾಯಿ ಅವರಲ್ಲೇ ಇಟ್ಟೀನಿ. ಬುದ್ಧಿ ಬಂದೈತಿ, ಈಗ ಹೋಗಿ ಅವರು ಮನ್ಯಾಗ ಅದಾರಿಲ್ಲೋ ನೋಡಿ ಬಂದ್ನಿ. ಅದಾರ. ಪಡಸಾಲ್ಯಾಗ ಮೂರು ಗಂಟು ಇದ್ದುವು.

ಮೂರನೇದು ಯಾರದ್ರಿ ವೈನೀ?

ರಾಧಾಬಾಯಿ ನಕ್ಕರು. "ನಿಮ್ಮ ಅವ್ವಾರ್ದು. ಮೊನ್ನೆ ನೀವು ಇಟ್ಟು ಹೋದ್ರಿ ನೋಡ್ರಿ, ಹಿಂದಿಂದನ ಬಂದು ಇಟ್ಟು ಹೋಗ್ಯಾರ. ಹೇಳಬ್ಯಾಡ್ರಿ ಅಂದಿದ್ರು."

ಗಂಟಿನ ಸಂದ್ಯಾಗ ಇಳಕಲ್ ಸೀರಿ ಉಳದ ಅರ್ಧಾ ಕಾಣತಿತ್ತು. ಹಾದಿಗುಂಟ ಅತಗೊಂತ ಬಂದ್ನಿ, ಕಾಲನ್ಯಾಗ ಯಾರೂ ನೋಡಲಿಲ್ಲ ಪುಣ್ಯಾಕ. ಮನ್ಯಾಗ ರತ್ನಾಗ ಹೇಳಿದ್ನಿ. ಅಕಿ ಅಡಗಿ ಮನ್ಯಾಗ ಹೋಗಿ ಅವ್ವನ್ನ ಹಿಂದಿಂದ ಗಟ್ಟಿಯಾಗಿ ತೆಕ್ಕಿ ಬಿದ್ದಾಳ. ಅವ್ವ, "ಬಿಡ ಬಿಡ, ರೊಟ್ಟಿ ಹತ್ತತಾವು" ಅಂತ ಬೈಯಾಕ ಹತ್ಯಾಳ.

ಇದನ್ನ ಬರೀತಿದ್ದಂಗನ ಕೂಸಿನ್ನ, ಬೆಳ್ಳಿ ವಾಟಿನ್ನ ಹಿಡಕೊಂಡು ಅವ್ವ ಬಂದು ಎದುರಿಗೆ ಕುಂತಾಳ.

"ಗೌರ್‍ಯಾ, ಬರಿಯೂದು ಸಾಕು. ಅಲ್ಲಿ ನೀ ಇರಂಗಿಲ್ಲ. ಆ ಅಂಕಿ ನನಗ ಕಲಿಸು."

ಅವ್ವ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಒಂದೊಂದ ಹೇಳಿಕೊಟ್ನಿ. ಮೊದಲ ನಾಚಿಕೊಂಡ್ಲು. ಜೋರಾಗಿ ಹೇಳಬೇಕವ್ವಾ, ಲೈನ್ ಸರಿ ಇಲ್ಲ ಅಂತ ತಿಳಕೊ ಅಂದ್ನಿ. ಉಸರು ಹಿಡದು ಒದರಾಕ ಹತ್ಯಾಳ ಈಗ. "ಎರಡು ಸಾವಿರದಾ..." ಕೂಸು ಬಾಯಿ ತಗದೈತಿ. "ನಲವತ್ತೂ... ನಲವತ್ತೂ... ಲೇ, ಮುಂದೇನೋ? ಲಗೂ ಹೇಳ, ಕೂಸು ಬಾಯಿ ತಕ್ಕೊಂಡು—"