ಎರಡು ಕೋಣೆಗಳ ನಡುವಿನ ಕೇಬಲ್

ಕೊಟ್ಟೂರು, ೧೨–೬–೨೦೦೮, ಗುರುವಾರ

ತಂಬ್ರಹಳ್ಳಿಗೆ ಮೂರು ದಿನ ಇಂಟರ್‌ನೆಟ್ ಇಲ್ಲದಂತೆ ಮಾಡಿದ್ದು ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಎರಡು ಕೋಣೆಗಳ ಹಟ. ಇದು ಅನ್ಯಾಯ. ಫೈಬರ್ ಕೋಣೆಯವರೂ ರೂಟರ್ ಕೋಣೆಯ ನಾವೂ ‘ನಮ್ಮ ಕಡೆ ಸರಿಯಿದೆ’ ಎಂದು ಬರೆದು ಕೂತೆವು. ಕೆಟ್ಟಿದ್ದು ಎರಡನ್ನೂ ಸೇರಿಸುವ ಗಿಡ್ಡ ಕೇಬಲ್. ಅದು ಯಾರ ಪುಸ್ತಕದಲ್ಲೂ ಇಲ್ಲ. ಇವತ್ತು ನಾನೇ ಬದಲಿಸಿದೆ. ಲೈನ್ ಬಂತು, ಹಿಂದೆಯೇ ಅನುಮತಿಯಿಲ್ಲದೆ ಕೈ ಹಾಕಿದ್ದಕ್ಕೆ ಸೋಮವಾರ ಮಧ್ಯಾಹ್ನ ಜಿಲ್ಲಾ ಕಚೇರಿಗೆ ವಿಚಾರಣೆಗೆ ಬರಬೇಕೆಂಬ ನೋಟಿಸೂ ಬಂತು.

ಫೈಬರ್ ಕೋಣೆಯ ಪಾಲಾಕ್ಷ ದಿನಾ ನನ್ನ ಜೊತೆ ಬುತ್ತಿ ಉಣ್ಣುವವನು. "ನಮ್ಮ ಕೋಣಿಗೆ ಯಾಕ ಕೈ ಹಾಕಿದೆಲೇ, ಕ್ರಾಂತಿವೀರ? ಯೂನಿಯನ್ ಕರಪತ್ರ ಓದಿ ತಲಿ ಕೆಟ್ಟೈತಿ ನಿಂದು" ಎಂದ. ಇವತ್ತು ಒಬ್ಬನೇ ಉಂಡೆ. ನನ್ನ ಕೋಣೆಯವರೂ ಮಾತಾಡಿಸಲಿಲ್ಲ. ಜನರ ಲೈನಿಗೆ ಗೋಡೆ ಯಾಕೆ ಎಂದು ಯಾರನ್ನು ಕೇಳಲಿ?

ನಡೆದದ್ದನ್ನು ವಿಚಾರಣೆಯಲ್ಲಿ ಇದ್ದ ಹಾಗೇ ಹೇಳು ಎಂದೆ ಪಾಲಾಕ್ಷನಿಗೆ. "ನೋಡಾನ ತಗಾ" ಎಂದನಷ್ಟೆ. ಒಟ್ಟಿಗೆ ಹೋಗೋಣ, ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ ಎಂದು ಹೇಳಿ ಬಂದಿದ್ದೇನೆ: ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.